ಮಧ್ಯಾಹ್ನ ಅಗ್ಗ, ಸಂಜೆ ತುಟ್ಟಿ: ಶರಾವತಿ ಕಣಿವೆಯ ಮೇಲೊಂದು ವ್ಯಾಪಾರ

ಧಾರಣೆಯ ಏರಿಳಿತ ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಹೊಸ ಸಂಗತಿಯಲ್ಲ. ಸೋಮವಾರದ ದರ ಗುರುವಾರಕ್ಕೆ ಇರುವುದಿಲ್ಲವೆಂಬುದನ್ನು ಆತ ಅನುಭವದಿಂದ ಬಲ್ಲ. ಆದರೆ ಹತ್ತು ಗಂಟೆಗೆ ಇದ್ದ ದರ ಹತ್ತೂಕಾಲಕ್ಕೆ ಇಲ್ಲದಂತಾಗುವ ಮಾರುಕಟ್ಟೆಯೊಂದು ದೇಶದಲ್ಲಿದೆ. ಅದು ವಿದ್ಯುತ್ತಿನ ಮಾರುಕಟ್ಟೆ. 2003ರ ವಿದ್ಯುಚ್ಛಕ್ತಿ ಕಾಯ್ದೆ ವಿದ್ಯುತ್ತಿನ ವ್ಯಾಪಾರಕ್ಕೆ ಬಾಗಿಲು ತೆರೆಯಿತು. 2008ರ ಜೂನ್ ತಿಂಗಳಲ್ಲಿ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ಎಂಬ ವಿನಿಮಯ ಕೇಂದ್ರ ಕೆಲಸ ಆರಂಭಿಸಿತು. ಅಲ್ಲಿ ಒಂದು ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳನ್ನಾಗಿ ಕತ್ತರಿಸಿ, ಪ್ರತಿ ತುಂಡಿಗೂ ಪ್ರತ್ಯೇಕ ಬೆಲೆ ಕಟ್ಟಲಾಗುತ್ತದೆ.

ಅಡಿಕೆ ಮಂಡಿಯಲ್ಲಿ ಒಬ್ಬೊಬ್ಬನ ಲಾಟಿಗೆ ಒಂದೊಂದು ದರ. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಹಾಗಲ್ಲ. ಮಾರುವವರನ್ನೆಲ್ಲ ಅಗ್ಗದಿಂದ ತುಟ್ಟಿಯವರೆಗೆ ಸಾಲಾಗಿ ನಿಲ್ಲಿಸಿ, ಬೇಡಿಕೆ ಎಲ್ಲಿಗೆ ಪೂರೈಸುತ್ತದೋ ಅಲ್ಲಿ ನಿಂತ ಕಟ್ಟಕಡೆಯ ಮಾರಾಟಗಾರ ಕೇಳಿದ ಬೆಲೆಯನ್ನೇ ಎಲ್ಲರಿಗೂ ಕೊಡಲಾಗುತ್ತದೆ. ಸೌರ ಫಲಕಕ್ಕೆ ಕಲ್ಲಿದ್ದಲು ಬೇಡ, ಬಿಸಿಲಿಗೆ ಬಿಲ್ಲಿಲ್ಲ. ಆದ್ದರಿಂದ ಅದು ಸಾಲಿನ ಮುಂದೆ ನಿಲ್ಲುತ್ತದೆ. ಪಾವಗಡದ 13 ಸಾವಿರ ಎಕರೆಯಲ್ಲಿ ಹರಡಿಕೊಂಡ 2,050 ಮೆಗಾವಾಟ್‌ನ ಸೌರ ಪಾರ್ಕಿನಂಥವು ದೇಶದ ತುಂಬ ಎದ್ದಮೇಲೆ, ಮಧ್ಯಾಹ್ನದ ಹೊತ್ತು ಸಾಲಿನ ಮುಂಭಾಗವೇ ಬೇಡಿಕೆಯ ಬಹುಪಾಲನ್ನು ಪೂರೈಸಿಬಿಡುತ್ತದೆ; ಬೆಲೆ ಕುಸಿಯುತ್ತದೆ. 2025ರ ಮೇ ತಿಂಗಳ ಕೆಲವು ಮಧ್ಯಾಹ್ನಗಳಲ್ಲಿ ಅದು ಸೊನ್ನೆಯ ಸಮೀಪಕ್ಕೆ ಇಳಿದಿತ್ತು. ಸೂರ್ಯ ಮುಳುಗಿ ಮನೆಮನೆಯ ದೀಪ, ಫ್ಯಾನು, ಮಿಕ್ಸರ್ ಒಟ್ಟಿಗೆ ಚಾಲೂ ಆದಾಗ ಸಾಲಿನ ಕೊನೆಯಲ್ಲಿ ನಿಂತ ತುಟ್ಟಿ ಮಾರಾಟಗಾರನವರೆಗೂ ಕೈ ಚಾಚಬೇಕಾಗುತ್ತದೆ. ಬೇಸಿಗೆಯ ಸಂಜೆಗಳಲ್ಲಿ ಬೆಲೆ ನಿಯಂತ್ರಣ ಆಯೋಗ 2023ರಲ್ಲಿ ಹಾಕಿದ ಯೂನಿಟ್ಟಿಗೆ 10 ರೂಪಾಯಿಯ ಮಿತಿಯನ್ನು ಮುಟ್ಟಿ ನಿಲ್ಲುವುದುಂಟು.

ಮಧ್ಯಾಹ್ನದ ಅಗ್ಗ ಮತ್ತು ಸಂಜೆಯ ತುಟ್ಟಿಯ ನಡುವಿನ ಈ ಅಂತರವೇ ಇಂದು ಶರಾವತಿ ಕಣಿವೆಯ ತಲೆಯ ಮೇಲೆ ಬಂದು ಕುಳಿತಿದೆ.

ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ತತ್ತ್ವ ಸರಳ. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ಎರಡೂ ಈಗಾಗಲೇ ಇವೆ. ನಡುವಿನ ಬೆಟ್ಟದ ಹೊಟ್ಟೆಯಲ್ಲಿ ಸುರಂಗಗಳನ್ನೂ ಭೂಗತ ವಿದ್ಯುದಾಗಾರವನ್ನೂ ಕೊರೆಯುವುದು. ಅಗ್ಗದ ಹೊತ್ತಿನಲ್ಲಿ ಗೇರುಸೊಪ್ಪೆಯ ನೀರನ್ನು ಮೇಲಕ್ಕೆ ಎತ್ತುವುದು. ತುಟ್ಟಿಯ ಹೊತ್ತಿನಲ್ಲಿ ಅದನ್ನೇ ಕೆಳಕ್ಕೆ ಬಿಟ್ಟು ವಿದ್ಯುತ್ ಮಾಡುವುದು. ವೆಚ್ಚ ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಜಾಗ, ಸಿಂಗಳೀಕಗಳಿಗಾಗಿ 2019ರಲ್ಲಿ ವಿಸ್ತರಿಸಿ ಘೋಷಿಸಿದ ಶರಾವತಿ ಕಣಿವೆ ಅಭಯಾರಣ್ಯ. ಬೇಕಾಗುವ ಅರಣ್ಯ ಭೂಮಿ ಸುಮಾರು 54 ಹೆಕ್ಟೇರ್. ಉರುಳುವ ಮರಗಳು ಮೊದಲ ಎಣಿಕೆಯಂತೆ ಹದಿನಾರು ಸಾವಿರ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರ ಜೂನ್‌ನಲ್ಲಿ ತಾತ್ವಿಕ ಒಪ್ಪಿಗೆ ನೀಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಮತ್ತು ಉತ್ತರ ಕನ್ನಡ ಎರಡೂ ಜಿಲ್ಲೆಗಳಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದು, ಜನ ತಮ್ಮ ವಿರೋಧವನ್ನು ದಾಖಲಿಸಿದರು.

ಯೋಜನೆಯ ಪರವಾದ ಮಾತಿನಲ್ಲಿ ಹುರುಳಿಲ್ಲವೆಂದರೆ ಅದು ಸತ್ಯಕ್ಕೆ ಮಾಡಿದ ಅಪಚಾರವಾದೀತು. ಹೊಸ ಅಣೆಕಟ್ಟಿಲ್ಲ, ಹೊಸ ಮುಳುಗಡೆಯಿಲ್ಲ. ಬಿಸಿಲಿನ ವಿದ್ಯುತ್ತನ್ನು ಕೂಡಿಡದೆ ಕಲ್ಲಿದ್ದಲಿನಿಂದ ಬಿಡುಗಡೆಯಿಲ್ಲ ಎಂಬುದೂ ನಿಜವೇ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತ 2030ಕ್ಕೆ 500 ಗಿಗಾವಾಟ್‌ನಷ್ಟು ಪಳೆಯುಳಿಕೆಯೇತರ ಸಾಮರ್ಥ್ಯದ, 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆಯ ವಾಗ್ದಾನ ಮಾಡಿದೆ. ಸಂಗ್ರಹಣೆಯಿಲ್ಲದೆ ಅದು ಈಡೇರದು. ಆದರೆ ಸಂಗ್ರಹಣೆ ಬೇಕೆಂಬ ಮಾತಿಗೂ, ಅದು ಈ ಕಣಿವೆಯಲ್ಲೇ, ಈ ಬಗೆಯಲ್ಲೇ ಆಗಬೇಕೆಂಬ ಮಾತಿಗೂ ನಡುವೆ ಒಂದು ದೊಡ್ಡ ಕಂದಕವಿದೆ. ಆ ಕಂದಕವನ್ನು ಮಾರುಕಟ್ಟೆಯ ಬೆಲೆಪಟ್ಟಿಯಿಂದ ಮುಚ್ಚಲು ಹೊರಟಿರುವುದೇ ಇಲ್ಲಿಯ ಆಕ್ಷೇಪಕ್ಕೆ ಕಾರಣ.

ಒಂದೂವರೆ ಕೊಟ್ಟು ಒಂದೂಕಾಲೂ ಬಾರದ ಲೆಕ್ಕ

ಪಂಪ್ಡ್ ಸ್ಟೋರೇಜ್ ಎಂಬುದು ವಿದ್ಯುತ್ ಉತ್ಪಾದನೆಯಲ್ಲ. ಅದು ವಿದ್ಯುತ್ತಿನ ಬಳಕೆ. ನೀರನ್ನು ಎತ್ತಲು ಖರ್ಚಾದ ವಿದ್ಯುತ್ತಿನಲ್ಲಿ ಮರಳಿ ಬರುವುದು ನೂರಕ್ಕೆ ಎಪ್ಪತ್ತೈದರಿಂದ ಎಂಬತ್ತು ಪಾಲು. ಎರಡು ಸಾವಿರ ಮೆಗಾವಾಟ್ ಸಂಜೆ ಆರು ತಾಸು ನಡೆದರೆ ಸಿಗುವುದು 1.2 ಕೋಟಿ ಯೂನಿಟ್. ಎಂಬತ್ತರ ಉದಾರ ಲೆಕ್ಕವನ್ನೇ ಹಿಡಿದರೂ ಅದಕ್ಕಾಗಿ ಹಗಲು ಸುರಿಯಬೇಕಾದದ್ದು 1.5 ಕೋಟಿ ಯೂನಿಟ್. ದಿನಕ್ಕೆ 30 ಲಕ್ಷ ಯೂನಿಟ್ ಕಾಣದಂತೆ ಕರಗುತ್ತದೆ. ವರ್ಷಕ್ಕೆ ಮುನ್ನೂರು ದಿನ ಹೀಗೆ ನಡೆದರೆ ನಷ್ಟ 90 ಕೋಟಿ ಯೂನಿಟ್. ತಿಂಗಳಿಗೆ ಐವತ್ತು ಯೂನಿಟ್ ಉರಿಸುವ ಹದಿನೈದು ಲಕ್ಷ ಮನೆಗಳಿಗೆ ಒಂದು ವರ್ಷ ಸಾಲುವಷ್ಟು! ವ್ಯಾಪಾರಿಯ ದೃಷ್ಟಿಯಲ್ಲಿ ಇದು ದೋಷವಲ್ಲ. ಎರಡು ರೂಪಾಯಿಯ ಐದು ಯೂನಿಟ್ ಕೊಟ್ಟು ಎಂಟು ರೂಪಾಯಿಯ ನಾಲ್ಕು ಯೂನಿಟ್ ಪಡೆದರೆ ಆತನಿಗೆ ಲಾಭವೇ. ಎಂದರೆ ಯೋಜನೆಯ ಬದುಕು ನಿಂತಿರುವುದು ನೀರಿನ ಮೇಲಲ್ಲ, ಬೆಲೆಯ ಅಂತರದ ಮೇಲೆ.

ಆ ಅಂತರ ಎಷ್ಟಿರಬೇಕು? ಓದುಗರು ಕೈಯಲ್ಲೊಂದು ಪೆನ್ಸಿಲ್ ಹಿಡಿದು ಲೆಕ್ಕ ಹಾಕಬಹುದು. ಹತ್ತು ಸಾವಿರ ಕೋಟಿಯ ಬಂಡವಾಳಕ್ಕೆ ಬಡ್ಡಿ, ಸವಕಳಿ, ಪ್ರತಿಫಲ ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ ಹನ್ನೆರಡೆಂದು ಹಿಡಿದರೆ 1,200 ಕೋಟಿ. ಮುನ್ನೂರು ದಿನ ನಡೆದು 360 ಕೋಟಿ ಯೂನಿಟ್ ಬಂದರೆ ಯೂನಿಟ್ಟಿಗೆ ಬಂಡವಾಳದ ಹೊರೆ 3.33 ರೂಪಾಯಿ. ಎತ್ತುವ ವಿದ್ಯುತ್ ಎರಡೂವರೆ ರೂಪಾಯಿಗೆ ಸಿಕ್ಕಿತೆಂದರೆ ನಷ್ಟ ಸೇರಿ 3.12 ರೂಪಾಯಿ. ಒಟ್ಟು ಆರೂವರೆ ರೂಪಾಯಿಯ ಸಮೀಪ. ನಿರ್ವಹಣೆ, ಪ್ರಸರಣ ಬೇರೆ. ಮಳೆಗಾಲದಲ್ಲಿ ಸಂಜೆಯ ಬೆಲೆ ಇಳಿದು, ವರ್ಷಕ್ಕೆ ನೂರೈವತ್ತೇ ದಿನ ಓಡಿದರೆ? ಬಂಡವಾಳದ ಹೊರೆ ಇಮ್ಮಡಿಯಾಗಿ ಒಂದು ಯೂನಿಟ್ ಹತ್ತು ರೂಪಾಯಿಗೆ ತಾಗುತ್ತದೆ. ಅದು ಮಾರುಕಟ್ಟೆ ಮುಟ್ಟಬಹುದಾದ ಅತಿ ಎತ್ತರದ ಬೆಲೆ.

ಅರ್ಥಶಾಸ್ತ್ರದ ಒಂದು ಸಾಮಾನ್ಯ ವಿವೇಕ ಇಲ್ಲಿ ನೆರವಿಗೆ ಬರುತ್ತದೆ. ಬೆಲೆಯ ಅಂತರವನ್ನು ನಂಬಿ ಬದುಕುವ ವ್ಯಾಪಾರ ಆ ಅಂತರವನ್ನು ತಾನೇ ತಿಂದುಹಾಕುತ್ತದೆ. ಸುಗ್ಗಿಯಲ್ಲಿ ಅಗ್ಗಕ್ಕೆ ಕೊಂಡು ಮಳೆಗಾಲದಲ್ಲಿ ತುಟ್ಟಿಗೆ ಮಾರುವವನು ಊರಿಗೊಬ್ಬನಿದ್ದಾಗ ಲಾಭ. ಹತ್ತು ಮಂದಿ ಗೋದಾಮು ಕಟ್ಟಿದರೆ ಸುಗ್ಗಿಯ ಬೆಲೆ ಏರುತ್ತದೆ, ಮಳೆಗಾಲದ ಬೆಲೆ ಇಳಿಯುತ್ತದೆ, ಹತ್ತೂ ಗೋದಾಮು ಖಾಲಿ ಬೀಳುತ್ತವೆ. ವಿದ್ಯುತ್ತಿನಲ್ಲಿ ಈ ಗೋದಾಮುಗಳು ಶರವೇಗದಲ್ಲಿ ಏಳುತ್ತಿವೆ. ಎರಡು ತಾಸು ವಿದ್ಯುತ್ ಕೂಡಿಡುವ ಬ್ಯಾಟರಿಗೆ 2022ರ ಟೆಂಡರಿನಲ್ಲಿ ಮೆಗಾವಾಟ್ ಒಂದಕ್ಕೆ ತಿಂಗಳಿಗೆ ಹತ್ತು ಲಕ್ಷ ಎಂಬತ್ತು ಸಾವಿರ ರೂಪಾಯಿಯ ಆಸುಪಾಸಿನ ಬಾಡಿಗೆ ಕೇಳಲಾಗಿತ್ತು. 2025ರ ಹೊತ್ತಿಗೆ ಅದು ಎರಡೂಕಾಲು ಲಕ್ಷದ ಸುತ್ತಮುತ್ತಲಿಗೆ ಇಳಿಯಿತು. ದಿನಕ್ಕೊಮ್ಮೆ ತುಂಬಿ ಬರಿದುಮಾಡುವ ಲೆಕ್ಕದಲ್ಲಿ, ಯೂನಿಟ್ಟಿಗೆ ಹದಿನೇಳು ರೂಪಾಯಿ ದಾಟಿದ್ದ ಹೊರೆ ಮೂರೇ ವರ್ಷಗಳಲ್ಲಿ ನಾಲ್ಕು ರೂಪಾಯಿಗಿಂತ ಕೆಳಕ್ಕೆ ಬಂದಂತಾಯಿತು. ಬೆಟ್ಟ ಕೊರೆದು ಕಟ್ಟುವ ಯೋಜನೆಯ ಇಂದಿನ ಅಂದಾಜಿಗೇ ಅದು ಸಾಟಿಯಾಗಿ ನಿಂತಿದೆ.

ಬ್ಯಾಟರಿ ದೇವರ ಪ್ರಸಾದವೇನೂ ಅಲ್ಲ. ಈ ದರಗಳ ಹಿಂದೆ ಸರ್ಕಾರದ ನೆರವಿದೆ. ಕೋಶಗಳು ಬರುವುದು ಬಹುಮಟ್ಟಿಗೆ ಚೀನಾದಿಂದ. ಲಿಥಿಯಂ ಅಗೆಯುವಲ್ಲಿಯೂ ಯಾರದೋ ನೆಲ, ಯಾರದೋ ನೀರು ಹಾಳಾಗುತ್ತದೆ. ಅದರ ಆಯುಷ್ಯ ಹನ್ನೆರಡು-ಹದಿನೈದು ವರ್ಷ. ಆದರೆ ಅದನ್ನು ಪಾವಗಡದ ಫಲಕಗಳ ಪಕ್ಕದಲ್ಲೇ ಒಂದೆರಡು ವರ್ಷದಲ್ಲಿ ನಿಲ್ಲಿಸಬಹುದು, ಬೇಡವಾದಾಗ ಕಳಚಬಹುದು. ಬೆಟ್ಟದೊಳಗಿನ ಸುರಂಗಕ್ಕೆ ಐದಾರು ವರ್ಷ ಬೇಕು. ಕೊರೆದಮೇಲೆ ನಲವತ್ತು ವರ್ಷದ ಸಾಲದ ಲೆಕ್ಕ. ಬೆಲೆ ಇಷ್ಟು ಬೇಗ ಇಳಿಯುತ್ತಿರುವ ಕಾಲದಲ್ಲಿ ನಲವತ್ತು ವರ್ಷಕ್ಕೆ ಕೈಕಟ್ಟಿಕೊಳ್ಳುವುದು ಎಂಥ ಜಾಣತನ? ಯಾವ ಕೃಷಿಕನೂ ತನ್ನ ಸ್ವಂತ ಹಣದಲ್ಲಿ ಈ ಜೂಜಾಡಲಾರ.

ಆಡುತ್ತಿರುವುದು ಸ್ವಂತ ಹಣದಲ್ಲಿ ಅಲ್ಲವಲ್ಲ! ಗುತ್ತಿಗೆದಾರನಿಗೆ ಸುರಂಗ ಮುಗಿದ ದಿನ ಹಣ ಸಂದಾಯವಾಗುತ್ತದೆ. ಸಂಜೆಯ ಧಾರಣೆ ಮುಂದೆ ಏನಾದರೂ ಆತನಿಗೆ ಬಾಧಕವಿಲ್ಲ. ನಿಗಮಕ್ಕೆ ಬಂಡವಾಳದ ಪ್ರತಿಫಲ ದರಪಟ್ಟಿಯಲ್ಲೇ ಸೇರುತ್ತದೆ. ಯಂತ್ರ ತಿರುಗಲಿ, ಬಿಡಲಿ, ಸ್ಥಿರ ಶುಲ್ಕವನ್ನು ವಿತರಣಾ ಕಂಪನಿಗಳು ಕಟ್ಟಲೇಬೇಕು. ಅವು ಅದನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕಿ ಬಳಕೆದಾರನ ಬಿಲ್ಲಿಗೆ ವರ್ಗಾಯಿಸುತ್ತವೆ. ಮಾರುಕಟ್ಟೆಯ ಹೆಸರು ಹೇಳಿ ಸಮರ್ಥಿಸಲಾದ ಯೋಜನೆಯಲ್ಲಿ ಮಾರುಕಟ್ಟೆಯ ಅಪಾಯವನ್ನು ಹೊರುವವನು ಮಾರುಕಟ್ಟೆಗೆ ಕಾಲಿಡದ ಸಾಮಾನ್ಯ ಮನುಷ್ಯ. ಅಂದಹಾಗೆ, ದೇಶದ ಒಟ್ಟು ವಿದ್ಯುತ್ತಿನಲ್ಲಿ ಈ ವಿನಿಮಯ ಕೇಂದ್ರಗಳ ಮೂಲಕ ಹರಿಯುವುದು ಹತ್ತನೆಯ ಒಂದು ಪಾಲಿನ ಆಸುಪಾಸು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಹಳೆಯ ದೀರ್ಘಾವಧಿ ಒಪ್ಪಂದಗಳದ್ದು. ಬಾಲ ನಾಯಿಯನ್ನು ಆಡಿಸುತ್ತಿದೆ.

ಹಸಿರು ಎಂಬ ಮುದ್ರೆ

ಇಷ್ಟಾದರೂ ಯೋಜನೆಗೆ ಹವಾಮಾನ ನೀತಿಯ ಶ್ರೀರಕ್ಷೆಯಿದೆ. ಕೇಂದ್ರ ಇಂಧನ ಸಚಿವಾಲಯ 2022ರಲ್ಲಿ ಸಂಗ್ರಹಣೆಯ ಕಡ್ಡಾಯ ಪಾಲನ್ನು ಗೊತ್ತುಮಾಡಿತು. 2023ರ ಏಪ್ರಿಲ್‌ನಲ್ಲಿ ಪಂಪ್ಡ್ ಸ್ಟೋರೇಜ್ ಯೋಜನೆಗಳ ಉತ್ತೇಜನಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಅಂತರರಾಜ್ಯ ಪ್ರಸರಣ ಶುಲ್ಕದಲ್ಲಿ ವಿನಾಯಿತಿಯೂ ಇದೆ. ಆದರೆ ತಳಕಳಲೆಗೆ ನೀರೆತ್ತುವ ಪಂಪಿಗೆ ತನ್ನ ತಂತಿಯಲ್ಲಿ ಹರಿದುಬಂದ ವಿದ್ಯುತ್ ಬಿಸಿಲಿನದೋ ರಾಯಚೂರಿನ ಕಲ್ಲಿದ್ದಲಿನದೋ ಎಂಬುದು ತಿಳಿಯುವುದಿಲ್ಲ. ಕಲ್ಲಿದ್ದಲು ಸ್ಥಾವರವನ್ನು ಮಧ್ಯಾಹ್ನ ಪೂರ್ತಿ ಆರಿಸಿ ಸಂಜೆ ಹೊತ್ತಿಸಲು ಬರುವುದಿಲ್ಲ. ಸಾಮರ್ಥ್ಯದ ನೂರಕ್ಕೆ ಐವತ್ತೈದರಷ್ಟಾದರೂ ಓಡಿಸುತ್ತಲೇ ಇರಬೇಕೆಂಬುದು ಈವರೆಗಿನ ರೂಢಿ. ಹಗಲು ದೊಡ್ಡದೊಂದು ಪಂಪು ವಿದ್ಯುತ್ ಹೀರತೊಡಗಿದರೆ ಮೊದಲು ನೆಮ್ಮದಿಯಾಗುವುದು ಆ ಕಲ್ಲಿದ್ದಲು ಸ್ಥಾವರಕ್ಕೇ. ಕಲ್ಲಿದ್ದಲನ್ನು ಇಳಿಸುವ ನಿಶ್ಚಿತ ವೇಳಾಪಟ್ಟಿಯಿಲ್ಲದೆ ಕಟ್ಟಿದ ಸಂಗ್ರಹಾಗಾರ ಕಲ್ಲಿದ್ದಲಿನ ಆಯುಷ್ಯವನ್ನೂ ಹೆಚ್ಚಿಸಬಲ್ಲದು.

ಹವಾಮಾನವನ್ನು ಮಾರುಕಟ್ಟೆಯೇ ಕಾಪಾಡುತ್ತದೆಂಬ ಭರವಸೆಗೆ ಎರಡು ದಶಕಗಳ ಚರಿತ್ರೆಯಿದೆ, ಆ ಚರಿತ್ರೆ ಹೆಮ್ಮೆಪಡುವಂಥದಲ್ಲ. ಯುರೋಪ್ 2005ರಲ್ಲಿ ಇಂಗಾಲದ ಪರವಾನಗಿಗಳ ಸಂತೆ ತೆರೆಯಿತು. ಕಾರ್ಖಾನೆಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಪರವಾನಗಿ ಹಂಚಿದ್ದರ ಫಲವಾಗಿ 2007ರ ಕೊನೆಗೆ ಅದರ ಬೆಲೆ ಸೊನ್ನೆಯ ಹತ್ತಿರ ಬಂತು. ಕ್ಯೋಟೋ ಒಪ್ಪಂದದ ಅಡಿಯಲ್ಲಿ ಭಾರತ, ಚೀನಾಗಳಂಥ ದೇಶಗಳು ಮಾರುತ್ತಿದ್ದ ಇಂಗಾಲ ಪತ್ರಗಳು 2008ರಲ್ಲಿ ಇಪ್ಪತ್ತು ಯೂರೋ ದಾಟಿದ್ದವು. 2012 ಮುಗಿಯುವಷ್ಟರಲ್ಲಿ ಒಂದು ಯೂರೋ ಕೂಡ ಬಾಳದಾದವು. ಸಂತೆಯ ನಿಯಮವನ್ನು ಬರೆಯುವವರು ಬಿಗಿಯಾಗಿ ಬರೆದರೆ ಮಾತ್ರ ಬೆಲೆಗೆ ಬೆಲೆ. ಯುರೋಪ್ ಆಮೇಲೆ ನಿಯಮ ಬಿಗಿಗೊಳಿಸಿ ತಕ್ಕಮಟ್ಟಿಗೆ ಸುಧಾರಿಸಿಕೊಂಡಿತೆಂಬುದನ್ನೂ ಹೇಳಬೇಕು.

ಭಾರತದ್ದು ಇನ್ನೂ ವಿಚಿತ್ರ ಕಥೆ. 2010ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಶುದ್ಧ ಇಂಧನ ಮೇಲ್ತೆರಿಗೆ ಹಾಕಿತು. 2016ರ ಹೊತ್ತಿಗೆ ಅದು 400 ರೂಪಾಯಿಗೆ ಏರಿತು. ಹೆಸರು ಹೇಳದಿದ್ದರೂ ಅದು ಇಂಗಾಲದ ಮೇಲಿನ ತೆರಿಗೆಯೇ. ಹಣ ಶುದ್ಧ ಇಂಧನದ ನಿಧಿಗೆ ಹೋಗಬೇಕಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಹಣವನ್ನು ರಾಜ್ಯಗಳ ತೆರಿಗೆ ನಷ್ಟ ತುಂಬಿಕೊಡುವ ಲೆಕ್ಕಕ್ಕೆ ತಿರುಗಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮೇಲ್ತೆರಿಗೆಯನ್ನೇ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇಕಡಾ 5ರಿಂದ 18ಕ್ಕೆ ಏರಿಸಲಾಯಿತು. ಮೇಲ್ತೆರಿಗೆ ತೂಕದ ಮೇಲಿತ್ತು, ಜಿಎಸ್‌ಟಿ ಬೆಲೆಯ ಮೇಲೆ. ಬೂದಿ ಹೆಚ್ಚಿರುವ ಕೀಳು ಕಲ್ಲಿದ್ದಲಿಗೆ ಬೆಲೆ ಕಡಿಮೆ, ಆದ್ದರಿಂದ ಅದರ ಮೇಲೆ ಟನ್ನಿಗೆ ಬೀಳುವ ತೆರಿಗೆಯೂ ಈಗ ಕಡಿಮೆ! ಹೊಗೆಗೆ ಬೆಲೆ ಕಟ್ಟುವ ಧೈರ್ಯ ಮಾಡದ ನೀತಿ, ಕಾಡಿಗೆ ಬೆಲೆ ಕಟ್ಟುವಾಗ ಮಾತ್ರ ತುಂಬ ಚುರುಕಾಗಿದೆ.

ಕಾಡಿನ ಬೆಲೆ

ಅರಣ್ಯವನ್ನು ಅನ್ಯ ಉದ್ದೇಶಕ್ಕೆ ಬಿಟ್ಟುಕೊಡುವಾಗ ಕಟ್ಟಿಸಿಕೊಳ್ಳುವ ಮೊತ್ತಕ್ಕೆ ‘ನಿವ್ವಳ ಪ್ರಸ್ತುತ ಮೌಲ್ಯ’ ಎಂದು ಹೆಸರು. ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಒಪ್ಪಿದ ದರಗಳನ್ನು 2022ರಲ್ಲಿ ಪರಿಷ್ಕರಿಸಲಾಯಿತು. ಅತಿ ದಟ್ಟ, ಅತ್ಯುತ್ತಮ ವರ್ಗದ ಕಾಡಿಗೆ ಹೆಕ್ಟೇರಿಗೆ ಸುಮಾರು 16 ಲಕ್ಷ ರೂಪಾಯಿ. ಅಭಯಾರಣ್ಯವಾದರೆ ಅದರ ಐದು ಪಟ್ಟು. ಈ ಅತಿ ಹೆಚ್ಚಿನ ದರವನ್ನೇ ಹಿಡಿದು 54 ಹೆಕ್ಟೇರಿಗೆ ಗುಣಿಸಿದರೆ ಬರುವುದು 43 ಕೋಟಿ. ಹತ್ತು ಸಾವಿರ ಕೋಟಿಯ ಯೋಜನೆಯಲ್ಲಿ ಅದು ನೂರಕ್ಕೆ ಅರ್ಧ ರೂಪಾಯಿಯೂ ಅಲ್ಲ. ಸಿಮೆಂಟಿನ ಬೆಲೆ ಅಷ್ಟಿಷ್ಟು ಏರಿದರೂ ಇದಕ್ಕಿಂತ ಹೆಚ್ಚಿನ ವ್ಯತ್ಯಾಸವಾದೀತು. ಇಷ್ಟು ಅಗ್ಗದ ಕಚ್ಚಾವಸ್ತುವನ್ನು ಉಳಿಸಬೇಕೆಂದು ಯಾವ ಎಂಜಿನಿಯರಿಗೆ ತಾನೇ ಅನ್ನಿಸೀತು?

‘ಪ್ರಸ್ತುತ ಮೌಲ್ಯ’ ಎಂಬ ಮಾತಿನಲ್ಲೇ ಇನ್ನೊಂದು ಕೈಚಳಕವಿದೆ. ಮುಂದೆ ಆಗುವ ನಷ್ಟವನ್ನು ಇಂದಿನ ಹಣಕ್ಕೆ ತರುವಾಗ ವರ್ಷವರ್ಷಕ್ಕೂ ಒಂದಿಷ್ಟು ಸೋಡಿ ಕಳೆಯುತ್ತಾರೆ. ವರ್ಷಕ್ಕೆ ನೂರಕ್ಕೆ ಹತ್ತರಂತೆ ಕಳೆದರೆ ನಲವತ್ತು ವರ್ಷದ ನಂತರದ ನೂರು ರೂಪಾಯಿಯ ನಷ್ಟ ಇಂದು ಎರಡು ರೂಪಾಯಿ ಚಿಲ್ಲರೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ 2006ರ ತಮ್ಮ ಹವಾಮಾನ ವರದಿಯಲ್ಲಿ ಬಳಸಿದ ದರ ನೂರಕ್ಕೆ 1.4ರ ಆಸುಪಾಸು. ಆ ದರದಲ್ಲಿ ಅದೇ ನಷ್ಟ ಇಂದಿನ 57 ರೂಪಾಯಿಗೆ ಸಮ. ಕಾಡು ಅದೇ, ಅಬ್ಬಿ ಅದೇ, ನಷ್ಟವೂ ಅದೇ. ಗುಣಕ ಬದಲಾದರೆ ಎರಡು ರೂಪಾಯಿ ಐವತ್ತೇಳಾಗುತ್ತದೆ. ಸ್ಟರ್ನ್‌ರ ದರ ತೀರ ಕಡಿಮೆಯಾಯಿತೆಂದು ಅಮೆರಿಕದ ನಾರ್ಡ್‌ಹೌಸ್ ಮೊದಲಾದವರು ವಾದಿಸಿದರು. ವಿದ್ವಾಂಸರ ಜಗಳ ಏನೇ ಇರಲಿ, ಮೊಮ್ಮಕ್ಕಳ ಪಾಲನ್ನು ಎಷ್ಟೆಂದು ಹಿಡಿಯಬೇಕೆಂಬ ಪ್ರಶ್ನೆಗೆ ಉತ್ತರ ಗಣಿತದಲ್ಲಿಲ್ಲ. ಅದು ನ್ಯಾಯದ ಪ್ರಶ್ನೆ.

ಇನ್ನು ಯಾವ ಪಟ್ಟಿಯಲ್ಲೂ ಕಾಣದ ಒಂದು ಶಕ್ತಿಯ ಲೆಕ್ಕವಿದೆ. ಸಾಗರ, ಸಿದ್ದಾಪುರ, ಹೊನ್ನಾವರ ಸೀಮೆಯ ಅನೇಕ ತೋಟಗಳಿಗೆ ನೀರು ಬರುವುದು ಮೇಲಿನ ಕಾಡಿನ ಅಬ್ಬಿಯಿಂದ. ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಪ್ಲಾಸ್ಟಿಕ್ ಪೈಪಿನಲ್ಲಿ ಅದು ತಾನಾಗಿ ಇಳಿದುಬರುತ್ತದೆ, ಮೋಟಾರಿಲ್ಲ, ಮೀಟರಿಲ್ಲ. ಮುರಕಲ್ಲಿನ ಹಾಸು ಮಳೆಗಾಲವಿಡೀ ನೀರನ್ನು ಹೀರಿಕೊಂಡು, ಅಡಿಯ ಜೇಡಿಯ ಪದರದ ಮೇಲೆ ಹಿಡಿದಿಟ್ಟು, ಬೆಟ್ಟದ ಬುಡದಲ್ಲಿ ಬೇಸಿಗೆಯವರೆಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಇದೂ ಒಂದು ಸಂಗ್ರಹಾಗಾರವೇ, ಅದೂ ನೀರೆತ್ತುವ ಖರ್ಚಿಲ್ಲದ್ದು. ಬಂಡೆಯನ್ನು ಸಿಡಿಸಿ ಸುರಂಗ ಕೊರೆದಾಗ ಬೆಟ್ಟದ ಒಳಗಿನ ಬಿರುಕುಗಳ ದಾರಿ ಬದಲಾಗುತ್ತದೆ, ನೀರು ಎಲ್ಲಿಗೆ ಸುಲಭವೋ ಅಲ್ಲಿಗೆ, ಅಂದರೆ ಸುರಂಗದೊಳಕ್ಕೆ, ಹರಿಯತೊಡಗುತ್ತದೆ. ಒಂದು ಅಬ್ಬಿ ಬತ್ತಿತೆಂದರೆ ತೋಟಿಗ ಕೊಳವೆಬಾವಿ ಕೊರೆಸಬೇಕು, ಐದು ಎಚ್‌ಪಿಯ ಪಂಪು ಕೂರಿಸಬೇಕು. ಅದು ತಾಸಿಗೆ ನಾಲ್ಕು ಯೂನಿಟ್ ತಿನ್ನುತ್ತದೆ. ದಿನಕ್ಕೆ ಐದು ತಾಸಿನಂತೆ ಐದು ತಿಂಗಳು ಓಡಿದರೆ ಮೂರು ಸಾವಿರ ಯೂನಿಟ್. ಅಬ್ಬಿ ಇದುವರೆಗೆ ವರ್ಷವರ್ಷವೂ ಉಳಿಸಿಕೊಟ್ಟ ಆ ಮೂರು ಸಾವಿರ ಯೂನಿಟ್ಟನ್ನು ಯಾವ ಇಂಧನ ಇಲಾಖೆಯೂ ಜಮೆಯ ಕಡೆ ಬರೆದುಕೊಂಡಿಲ್ಲ.

ಸಿಂಗಳೀಕದ ವಿಷಯ ಹೆಚ್ಚು ಬೆಳೆಸಬೇಕಿಲ್ಲ. ಜಗತ್ತಿನಲ್ಲಿ ಅದು ಪಶ್ಚಿಮ ಘಟ್ಟದಲ್ಲಿ ಮಾತ್ರ ಇದೆ, ಈ ಕಣಿವೆಯಲ್ಲಿ ಏಳುನೂರರಷ್ಟಿವೆ ಎಂಬುದು ಅಂದಾಜು. ಮರದಿಂದ ಮರಕ್ಕೆ ನೆಲ ಮುಟ್ಟದೆ ಸಾಗುವ ಪ್ರಾಣಿಗೆ 54 ಹೆಕ್ಟೇರ್ ಎಂಬುದು ವಿಸ್ತೀರ್ಣದ ಪ್ರಶ್ನೆಯಲ್ಲ. ರಸ್ತೆ, ತಂತಿಮಾರ್ಗ, ಮಣ್ಣು ಸುರಿಯುವ ಜಾಗಗಳು ಎಲ್ಲೆಲ್ಲಿ ನೆತ್ತಿಯ ಹಂದರವನ್ನು ಕತ್ತರಿಸುತ್ತವೆಯೋ ಅಲ್ಲಲ್ಲಿ ಅದರ ದಾರಿ ಮುಗಿಯುತ್ತದೆ. ಮಣ್ಣಿನ ಮಾತೂ ಅಷ್ಟೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕತ್ತರಿಸಿದ್ದ ಗುಡ್ಡ ಮಳೆಗೆ ಜಾರಿ ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಅಂಥದೇ ಮಳೆ ಬೀಳುವ ಇಳಿಜಾರಿನಲ್ಲಿ ಸುರಂಗದಿಂದ ತೆಗೆದ ಲಕ್ಷಾಂತರ ಘನಮೀಟರ್ ಕಲ್ಲುಮಣ್ಣನ್ನು ಎಲ್ಲಿ ರಾಶಿ ಹಾಕುವುದು?

ಹಳೆಯ ಬಾಕಿ

ಶರಾವತಿ ಈ ನಾಡಿಗೆ ಕೊಟ್ಟದ್ದು ಕಡಿಮೆಯೇನಲ್ಲ. 1948ರಲ್ಲಿ ಜೋಗದ 120 ಮೆಗಾವಾಟ್, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಅದರ ನೀರಿನಿಂದ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ, ಕೆಳಗೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟ್. ಇವುಗಳಿಗಾಗಿ ಮುಳುಗಿದ ಊರುಗಳ ಜನರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದ ತುಮರಿ ಸೀಮೆಯ ಜನ ಆಸ್ಪತ್ರೆಗೂ ಕಾಲೇಜಿಗೂ ಲಾಂಚಿಗಾಗಿ ಕಾದದ್ದು ಆರು ದಶಕ. ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ರಾಜ್ಯಕ್ಕೆ ಬೆಳಕು ಕೊಟ್ಟವರಿಗೆ ಸೇತುವೆ ಕೊಡಲು ಅರವತ್ತು ವರ್ಷ ಬೇಕಾದ ವ್ಯವಸ್ಥೆ, ಹೊಸ ಸುರಂಗಕ್ಕೆ ಮಾತ್ರ ವಿಳಂಬ ಸಲ್ಲದೆನ್ನುತ್ತದೆ.

ಮಲೆನಾಡಿಗರು ಲೆಕ್ಕ ಕೇಳಿದ್ದು ಇದೇ ಮೊದಲೂ ಅಲ್ಲ. 1981ರಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ತೋಟಗಾರ್ಸ್ ಸೊಸೈಟಿಯ ಮುಂದಾಳತ್ವದಲ್ಲಿ ವಿಚಾರಗೋಷ್ಠಿ ನಡೆಯಿತು. ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟಗಳನ್ನು ವಿಜ್ಞಾನಿಗಳೊಂದಿಗೆ ಕುಳಿತು ಪರಿಶೀಲಿಸಲಾಯಿತು. ಮುಳುಗುವ ತೋಟ, ಕಾಡು, ಬೆಟ್ಟಗಳ ಆದಾಯವನ್ನು ಸೇರಿಸಿದಾಗ ಯೋಜನೆ ಲಾಭದ್ದಲ್ಲವೆಂದು ಕಂಡುಬಂತು. ಬೇಡ್ತಿ ಕೈಬಿಟ್ಟುಹೋಯಿತು. ಘೋಷಣೆಯ ಜೊತೆಗೆ ಗುಣಾಕಾರವೂ ಇದ್ದದ್ದರಿಂದ ಆ ಜಯ ಸಾಧ್ಯವಾಯಿತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಗಮನಿಸಬೇಕು.

ಇಂದು ಮಾಡಬೇಕಾದ ಗುಣಾಕಾರ ಯಾವುದು? ರಾಜ್ಯದ ಬಳಿ ಈಗಾಗಲೇ ಅತಿ ದೊಡ್ಡ ಸಂಗ್ರಹಾಗಾರಗಳಿವೆ: ಲಿಂಗನಮಕ್ಕಿ, ಸೂಪಾ, ಮಾಣಿ. ವಿದ್ಯುತ್ ನಿಗಮದ ಜಲವಿದ್ಯುತ್ ಸಾಮರ್ಥ್ಯ ಮೂರೂವರೆ ಸಾವಿರ ಮೆಗಾವಾಟ್‌ಗೂ ಹೆಚ್ಚು. ಬಿಸಿಲು ಕಾಯುವಾಗ ಈ ಯಂತ್ರಗಳನ್ನು ನಿಲ್ಲಿಸಿ, ಸಂಜೆ ಪೂರ್ತಿ ಓಡಿಸಿದರೆ ಮಧ್ಯಾಹ್ನ ಬಿಡದೆ ಉಳಿಸಿದ ನೀರೇ ಕೂಡಿಟ್ಟ ವಿದ್ಯುತ್. ನೀರೆತ್ತುವ ನಷ್ಟವಿಲ್ಲ, ಸುರಂಗವಿಲ್ಲ, ಮರ ಬೀಳುವುದಿಲ್ಲ. ಇದಕ್ಕೆ ಮಿತಿಯೂ ಇದೆ. ಸಂಜೆ ಅವು ಈಗಾಗಲೇ ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತಿದ್ದರೆ ಇನ್ನಷ್ಟು ಹಿಂಡಲಾಗದು. ಜಲಾಶಯ ತುಂಬಿ ತುಳುಕುವ ವಾರಗಳಲ್ಲಿ ಹಗಲೂ ಓಡಿಸಲೇಬೇಕು. ಆದ್ದರಿಂದಲೇ ಗಂಟೆಗಂಟೆಯ ಅಂಕಿಅಂಶ ಬೇಕು. ಇನ್ನೊಂದು, ಬೇಡಿಕೆಯನ್ನೇ ಬಿಸಿಲಿನ ಹೊತ್ತಿಗೆ ಸರಿಸುವುದು. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರಾವರಿ ಪಂಪ್‌ಸೆಟ್ಟುಗಳದ್ದು. ಅವುಗಳಿಗೆ ರಾತ್ರಿಯ ಬದಲು ಹಗಲು ತ್ರೀಫೇಸ್ ಕೊಡತೊಡಗಿದ ಮೇಲೆ ಕರ್ನಾಟಕದ ಗರಿಷ್ಠ ಬೇಡಿಕೆಯೇ ಹಗಲಿಗೆ ವಾಲಿದೆ. ರಾತ್ರಿ ಹಾವು-ಚೇಳಿನ ಭಯದಲ್ಲಿ ಗದ್ದೆಗೆ ಹೋಗುವುದು ತಪ್ಪಿತೆಂದು ಬಯಲುಸೀಮೆಯ ರೈತನಿಗೂ ಸಮಾಧಾನ. ಒಂದು ಸುರಂಗವನ್ನೂ ಕೊರೆಯದೆ ಆದ ಕೆಲಸ ಇದು! ಹಗಲಿಗೆ ಕಡಿಮೆ, ಸಂಜೆಗೆ ಹೆಚ್ಚು ಎಂಬ ದರಪದ್ಧತಿಗೆ 2023ರಲ್ಲಿ ಕೇಂದ್ರ ನಿಯಮವೂ ಬಂದಿದೆ. ಆದರೆ ನಿಯಮ ಬಂದ ಮಾತ್ರಕ್ಕೆ ಹೊತ್ತು ಬಲ್ಲ ಮೀಟರು ಗೋಡೆಗೆ ಬರುವುದಿಲ್ಲ.

ಈ ಎರಡೂ ದಾರಿಗಳನ್ನು ಕೊನೆಯವರೆಗೆ ನಡೆದು ನೋಡಿದ ಮೇಲೆ, ಬ್ಯಾಟರಿಯ ಇಂದಿನ ದರದೊಂದಿಗೆ ಹೋಲಿಸಿದ ಮೇಲೆ, ಇನ್ನೂ ಎಷ್ಟು ಕೊರತೆ ಉಳಿಯುತ್ತದೆಂಬುದನ್ನು ತೋರಿಸುವ ಹೊಣೆ ಕಣಿವೆಯನ್ನು ಕೇಳುತ್ತಿರುವವರದು. ಅಲ್ಲಿಯವರೆಗೆ ಕೇಳಬೇಕಾದ ಅಂಕಿಗಳು ಇವು: ಕಳೆದ ಐದು ವರ್ಷಗಳಲ್ಲಿ ಶರಾವತಿ, ನಾಗಝರಿ, ವಾರಾಹಿ ವಿದ್ಯುದಾಗಾರಗಳು ಹಗಲು ಹತ್ತರಿಂದ ನಾಲ್ಕರವರೆಗೆ ಮತ್ತು ಸಂಜೆ ಆರರಿಂದ ಹತ್ತರವರೆಗೆ ಎಷ್ಟೆಷ್ಟು ಯೂನಿಟ್ ಉತ್ಪಾದಿಸಿದವು, ಅದೇ ಹೊತ್ತಿನಲ್ಲಿ ಎಷ್ಟು ಸೌರ ವಿದ್ಯುತ್ತನ್ನು ಬೇಡವೆಂದು ನಿಲ್ಲಿಸಲಾಯಿತು, ಪಂಪ್ಡ್ ಸ್ಟೋರೇಜ್ ಯೋಜನೆಯ ವರದಿಯಲ್ಲಿ ನೀರೆತ್ತುವ ವಿದ್ಯುತ್ತಿಗೆ ಯಾವ ಬೆಲೆ ಹಿಡಿಯಲಾಗಿದೆ, ವರ್ಷಕ್ಕೆ ಎಷ್ಟು ದಿನದ ಓಟ ಹಿಡಿಯಲಾಗಿದೆ. ಮೊದಲೆರಡು ಬೆಂಗಳೂರಿನ ರಾಜ್ಯ ವಿದ್ಯುತ್ ಹಂಚಿಕೆ ನಿಯಂತ್ರಣ ಕೇಂದ್ರದಲ್ಲಿ ಸಿಗಬೇಕು, ಕೊನೆಯವು ವಿದ್ಯುತ್ ನಿಗಮದಲ್ಲಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯ ಶುಲ್ಕ ಹತ್ತು ರೂಪಾಯಿ.